ದಾವೆ ಮಗುವಿನದು: ಸರ್ಕಾರದ ಆಶ್ರಯದಲ್ಲಿರುವ ಮಕ್ಕಳ ಪರವಾಗಿ ನ್ಯಾಯ ಕೇಳುವವರು ಯಾರು?

ತಂದೆತಾಯಿಗಳಿಲ್ಲದ, ಇದ್ದೂ ಸಾಕಲಾಗದ, ಅಥವಾ ಮನೆಯಲ್ಲಿಯೇ ಹಿಂಸೆಗೆ ಗುರಿಯಾದ ಮಗುವನ್ನು ನಮ್ಮ ದೇಶದ ಕಾನೂನು ತನ್ನ ಮಡಿಲಿಗೆ ತೆಗೆದುಕೊಳ್ಳುತ್ತದೆ. ಮಕ್ಕಳ ಕಲ್ಯಾಣ ಸಮಿತಿಯ ಆದೇಶವಾದ ಬಳಿಕ ಆ ಮಗುವಿನ ಊಟ, ವಸತಿ, ಶಾಲೆ, ಔಷಧೋಪಚಾರ, ಬಂಧುಗಳ ಭೇಟಿ, ಮನೆಗೆ ಮರಳುವ ದಿನ ಎಲ್ಲವೂ ಸರ್ಕಾರದ ಹೊಣೆಯಾಗುತ್ತವೆ. ಊರಿನಲ್ಲಿರುವ ಮಗುವಿಗೆ ಅನ್ಯಾಯವಾದರೆ ತಾಯಿ ಬೀದಿಗೆ ಬಂದು ಕೇಳುತ್ತಾಳೆ. ತಂದೆ ಹಿರಿಯರ ಬಳಿಗೋ ಪೊಲೀಸ್ ಠಾಣೆಗೋ ಹೋಗುತ್ತಾನೆ. ಬಾಲಮಂದಿರದಲ್ಲಿರುವ ಮಗುವಿಗೆ ಅನ್ಯಾಯವಾದರೆ ಕೇಳುವವರು ಯಾರು? ಪೋಷಕರ ಸ್ಥಾನದಲ್ಲಿ ನಿಂತ ಸರ್ಕಾರವೇ ಕರ್ತವ್ಯಚ್ಯುತವಾದಾಗ, ಅದೇ ಸರ್ಕಾರದ ವಿರುದ್ಧ ಆ ಮಗುವಿನ ಪರವಾಗಿ ದಾವೆ ಹೂಡುವವರು ಯಾರು?

2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ ಒಂದು ದಶಕದ ಅನುಭವ ಈಗ ನಮ್ಮ ಮುಂದಿದೆ. ಆ ಕಾಯ್ದೆಯ ಹಿಂದೆಯೂ ಮುಂದೆಯೂ ಹಲವು ವ್ಯಾಜ್ಯಗಳ ಸರಣಿಯಿದೆ. ಉಚಿತ ಪ್ರಸಾದ ನಿಲಯಗಳ ಮೂಲಕ ಸಾವಿರಾರು ಮಕ್ಕಳನ್ನು ಪೊರೆಯುತ್ತ ಬಂದಿರುವ ಮಠಗಳ ಭಕ್ತರಿಗೆ ಈ ಸರಣಿಯ ಪರಿಚಯ ಅಗತ್ಯವೆಂಬ ಭಾವನೆಯಿಂದ ಈ ವಿಶ್ಲೇಷಣೆಯನ್ನು ಮುಂದಿಡುತ್ತಿದ್ದೇವೆ.

ಹಿಂದೆ ಸರಿದ ಅರ್ಜಿದಾರರು, ಉಳಿದುಕೊಂಡ ಅರ್ಜಿ

ಅಪ್ರಾಪ್ತ ವಯಸ್ಕರು ತಾವಾಗಿಯೇ ದಾವೆ ಹೂಡಲಾರರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೆಯ ಆದೇಶದ ಪ್ರಕಾರ ಪ್ರಾಪ್ತ ವಯಸ್ಕರೊಬ್ಬರು ವಾದಮಿತ್ರರಾಗಿ ಮಗುವಿನ ಹೆಸರಿನಲ್ಲಿ ನ್ಯಾಯಾಲಯದ ಮುಂದೆ ನಿಲ್ಲಬೇಕು. ತಂದೆತಾಯಿಗಳ ಆಸರೆ ಇರುವ ಮಕ್ಕಳಿಗೆ ಈ ವ್ಯವಸ್ಥೆ ಸಾಕಾಗಬಹುದು. ಯಾರೂ ಇಲ್ಲದವರಿಗೆ ವಾದಮಿತ್ರರನ್ನು ಎಲ್ಲಿಂದ ತರುವುದು? ತಾವೇ ಬಂದು ಕೇಳಲಾರದವರ ಪರವಾಗಿ ಸಮಾಜದ ಯಾವುದೇ ಸಹೃದಯರು ನ್ಯಾಯಾಲಯಕ್ಕೆ ಬರಬಹುದೆಂದು ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ ಎಸ್.ಪಿ. ಗುಪ್ತ ಪ್ರಕರಣದಲ್ಲಿ ಹೇಳಿದ ಮೇಲೆ ಈ ಪ್ರಶ್ನೆಗೆ ಒಂದು ಉತ್ತರ ದೊರೆಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬಾಗಿಲು ಹೀಗೆ ತೆರೆಯಿತು.

ಆ ಬಾಗಿಲಿನಿಂದ ಮಕ್ಕಳ ಪರವಾಗಿ ಒಳಗೆ ಬಂದವರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಅವರದು ಪ್ರಮುಖ ಹೆಸರು. ದೇಶದ ಹಲವು ರಾಜ್ಯಗಳ ಜೈಲುಗಳಲ್ಲಿ 16 ವರ್ಷದೊಳಗಿನ ಮಕ್ಕಳನ್ನು ಇರಿಸಲಾಗಿದೆ, ಅವರನ್ನು ಬಿಡುಗಡೆ ಮಾಡಬೇಕು, ರಾಜ್ಯಗಳಲ್ಲಿ ಎಷ್ಟು ಬಾಲನ್ಯಾಯಾಲಯಗಳಿವೆ, ಎಷ್ಟು ಬಾಲಗೃಹಗಳಿವೆ ಎಂಬ ಮಾಹಿತಿ ತರಿಸಬೇಕು ಎಂದು ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಹಾಕಿದರು. 1986ರ ಆಗಸ್ಟ್ 13ರಂದು ಹೊರಬಿದ್ದ ಆದೇಶವು ಮಕ್ಕಳನ್ನು ಜೈಲಿನಲ್ಲಿ ಇಡಕೂಡದೆಂದು ಸ್ಪಷ್ಟಪಡಿಸಿತು. ಮಕ್ಕಳ ಮೇಲಿನ ಸಾಮಾನ್ಯ ಆರೋಪಗಳ ತನಿಖೆ ಮತ್ತು ವಿಚಾರಣೆಗೆ ಕಾಲಮಿತಿ ಹಾಕಿತು. ರಾಜ್ಯಕ್ಕೊಂದು ಬಗೆಯಾಗಿದ್ದ ಮಕ್ಕಳ ಕಾಯ್ದೆಗಳ ಬದಲು ದೇಶಕ್ಕೆಲ್ಲ ಒಂದೇ ಕಾನೂನು ಬರಲೆಂಬ ಆಶಯವನ್ನು ವ್ಯಕ್ತಪಡಿಸಿತು. ಅದೇ ವರ್ಷ ಸಂಸತ್ತು ಬಾಲನ್ಯಾಯ ಕಾಯ್ದೆಯನ್ನು ಅಂಗೀಕರಿಸಿತು.

ಆದೇಶವಾದ ಮಾತ್ರಕ್ಕೆ ಕೆಲಸವಾಗಲಿಲ್ಲ. ಕೇಳಿದ ಮಾಹಿತಿಯನ್ನು ರಾಜ್ಯಗಳು ಸಕಾಲದಲ್ಲಿ ಕೊಡಲಿಲ್ಲ. ಮುಂದೂಡಿಕೆಯ ಮೇಲೆ ಮುಂದೂಡಿಕೆಯಾಯಿತು. ಬೇಸತ್ತ ಶೀಲಾ ಬರ್ಸೆಯವರು ತಮ್ಮ ಅರ್ಜಿಯನ್ನು ಹಿಂತೆಗೆದುಕೊಳ್ಳಲು ಅನುಮತಿ ಕೋರಿದರು. 1988ರ ಆಗಸ್ಟ್ 29ರಂದು ಅದರ ಬಗ್ಗೆ ತೀರ್ಪು ನೀಡಿದ ಪೀಠದಲ್ಲಿ ಕನ್ನಡ ನಾಡಿನವರೇ ಆದ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಎಂ.ಎನ್. ವೆಂಕಟಾಚಲಯ್ಯನವರಿದ್ದರು. ಆಸ್ತಿಯ ವ್ಯಾಜ್ಯದಲ್ಲಿ ವಾದಿಯು ದಾವೆಯ ಒಡೆಯ, ಬೇಡವೆನಿಸಿದಾಗ ಬಿಡಬಹುದು. ಮಕ್ಕಳ ಹಕ್ಕಿಗಾಗಿ ತಂದ ಅರ್ಜಿಯು ತಂದವರ ಸ್ವತ್ತಲ್ಲ, ಆದ್ದರಿಂದ ಅದನ್ನು ಇಚ್ಛೆ ಬಂದಂತೆ ಹಿಂಪಡೆಯಲಾಗದು ಎಂಬುದು ಆ ತೀರ್ಪಿನ ಸಾರ. ಶೀಲಾ ಬರ್ಸೆಯವರಿಗೆ ಹೊಣೆಯಿಂದ ಬಿಡುಗಡೆ ದೊರೆಯಿತು. ಅರ್ಜಿ ಮಾತ್ರ ಉಳಿಯಿತು. ಅದನ್ನು ಮುಂದುವರಿಸುವ ಕಾರ್ಯವನ್ನು ಸರ್ವೋಚ್ಚ ನ್ಯಾಯಾಲಯದ ಕಾನೂನು ನೆರವು ಸಮಿತಿಗೆ ವಹಿಸಲಾಯಿತು.

ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ಕುರಿತು ಭಾರತದ ನ್ಯಾಯಾಂಗ ಹೇಳಿದ ಮಾತುಗಳಲ್ಲಿ ಇದಕ್ಕಿಂತ ಮುಖ್ಯವಾದುದು ಇನ್ನೊಂದಿಲ್ಲ. ದಾವೆ ಮಗುವಿನದು. ಅದನ್ನು ಹೊತ್ತು ತಂದ ಸಮಾಜಸೇವಕರು, ವಾದಿಸುವ ವಕೀಲರು, ಆಲಿಸುವ ನ್ಯಾಯಾಲಯ, ಉತ್ತರಿಸುವ ಸರ್ಕಾರ, ಮಗುವನ್ನು ಇರಿಸಿಕೊಂಡಿರುವ ಸಂಸ್ಥೆ, ಇವರಾರೂ ಅದರ ಒಡೆಯರಲ್ಲ. ಅಂದು ಬೇಸತ್ತು ಹಿಂದೆ ಸರಿದ ಅರ್ಜಿದಾರರ ದೂರಿನಲ್ಲಿಯೂ ಅಷ್ಟೇ ಸತ್ಯವಿತ್ತೆಂಬುದನ್ನು ಮುಂದಿನ ಮೂರು ದಶಕಗಳು ತೋರಿಸಿದವು.

ಬಾಲ್ಯಕ್ಕೆ ವಾಯಿದೆ ಇಲ್ಲ

ಬಾಲನ್ಯಾಯ ಕಾನೂನನ್ನು ರಾಜ್ಯಗಳು ಸರಿಯಾಗಿ ಜಾರಿಗೊಳಿಸುತ್ತಿಲ್ಲವೆಂದು ಸಾಮಾಜಿಕ ಕಾರ್ಯಕರ್ತೆ ಸಂಪೂರ್ಣಾ ಬೆಹುರಾ ಅವರು 2005ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅಂತಿಮ ತೀರ್ಪು ಬಂದದ್ದು 2018ರ ಫೆಬ್ರವರಿ 9ರಂದು. ಮಕ್ಕಳ ಕಲ್ಯಾಣ ಸಮಿತಿಗಳು, ಬಾಲನ್ಯಾಯ ಮಂಡಳಿಗಳು ಹಾಗೂ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳಲ್ಲಿ ಖಾಲಿ ಬಿದ್ದ ಸ್ಥಾನಗಳನ್ನು ತುಂಬಬೇಕೆಂದೂ ಕಾನೂನಿನ ಜಾರಿಯ ಮೇಲೆ ಕಣ್ಣಿಡಲು ಉಚ್ಚ ನ್ಯಾಯಾಲಯಗಳು ಸ್ವಯಂಪ್ರೇರಿತವಾಗಿ ಪ್ರಕರಣ ದಾಖಲಿಸಿಕೊಳ್ಳಬೇಕೆಂದೂ ಆ ತೀರ್ಪು ಹೇಳಿತು. ಅರ್ಜಿ ಸಲ್ಲಿಸಿದ ವರ್ಷ 7 ವಯಸ್ಸಿನವರಾಗಿದ್ದವರು ತೀರ್ಪಿನ ವೇಳೆಗೆ 20ರ ಹರೆಯದವರು.

ಇನ್ನೊಂದು ಪ್ರಕರಣದ ಹೆಸರೇ ಗಮನಾರ್ಹ: 'ತಮಿಳುನಾಡು ರಾಜ್ಯದ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆ ವಿರುದ್ಧ ಭಾರತ ಒಕ್ಕೂಟ'. ವಾದಿಯ ಹೆಸರಿರಬೇಕಾದ ಸ್ಥಳದಲ್ಲಿ ಒಂದು ಸಂಕಟದ ಹೆಸರಿದೆ. 2007ರಲ್ಲಿ ದಾಖಲಾದ ಈ ಪ್ರಕರಣದಲ್ಲಿ 2017ರ ಮೇ 5ರಂದು ನ್ಯಾಯಮೂರ್ತಿ ಮದನ್ ಬಿ. ಲೋಕೂರ್ ಮತ್ತು ನ್ಯಾಯಮೂರ್ತಿ ದೀಪಕ್ ಗುಪ್ತ ಅವರ ಪೀಠ ತೀರ್ಪಿತ್ತಿತು. ದೇಶದ ಎಲ್ಲ ಮಕ್ಕಳ ಪಾಲನಾ ಸಂಸ್ಥೆಗಳ ನೋಂದಣಿ, ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ, ಪರಿವೀಕ್ಷಣಾ ಸಮಿತಿಗಳ ರಚನೆ, ಸಾಮಾಜಿಕ ಪರಿಶೋಧನೆ, ಇವೆಲ್ಲವನ್ನೂ ಅದು ಕಡ್ಡಾಯಗೊಳಿಸಿತು. ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು ಯಾರೆಂಬುದನ್ನು ವಿಶಾಲವಾಗಿ ಅರ್ಥೈಸಬೇಕೆಂದೂ ಹೇಳಿತು. ತತ್ತ್ವದ ದೃಷ್ಟಿಯಿಂದ ಉದಾತ್ತವಾದ ತೀರ್ಪು. ಆದರೆ ಅದಕ್ಕೂ ಹತ್ತು ವರ್ಷ ಬೇಕಾಯಿತು.

ಹೊಲದ ಗಡಿಯ ವ್ಯಾಜ್ಯ ಹತ್ತು ವರ್ಷ ನಡೆದರೆ ಹೊಲ ಅಲ್ಲಿಯೇ ಇರುತ್ತದೆ. ಬಾಲ್ಯ ಹಾಗೆ ಕಾಯುವುದಿಲ್ಲ. ಮಗುವಿಗೆ ಸಂಬಂಧಿಸಿದ ದಾವೆಯಲ್ಲಿ ವಿಳಂಬವೇ ಒಂದು ತೀರ್ಪು. ಅದು ಸದಾ ಮಗುವಿನ ವಿರುದ್ಧವಾಗಿಯೇ ಬರುತ್ತದೆ. ಎರಡೂ ತೀರ್ಪುಗಳು ಮುಂದಿನ ಪೀಳಿಗೆಯ ಮಕ್ಕಳಿಗೆ ವ್ಯವಸ್ಥೆಯನ್ನು ಕಟ್ಟಿಕೊಟ್ಟವು. ಅರ್ಜಿ ಸಲ್ಲಿಕೆಯಾದ ಕಾಲದ ಬಹುಪಾಲು ಮಕ್ಕಳು ಅಷ್ಟರಲ್ಲಿ ಹದಿನೆಂಟು ದಾಟಿದ್ದರು.

ಪತ್ರ ಬರೆಯಲು ತಾಯಿ ಇಲ್ಲದಾಗ

ಸರ್ಕಾರದ ವಶದಲ್ಲಿರುವ ವ್ಯಕ್ತಿಗೆ ಹಾನಿಯಾದರೆ ಸರ್ಕಾರವೇ ಪರಿಹಾರ ತೆರಬೇಕೆಂಬ ತತ್ತ್ವ ನಮ್ಮಲ್ಲಿ ಹೊಸದಲ್ಲ. ಖುಲಾಸೆಯಾಗಿಯೂ ಹದಿನಾಲ್ಕು ವರ್ಷ ಬಿಹಾರದ ಜೈಲಿನಲ್ಲಿ ಉಳಿದ ರುದುಲ್ ಸಾಹ್ ಅವರಿಗೆ 1983ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಟ್ಟು 35,000 ರೂಪಾಯಿ ಕೊಡಿಸಿತು. ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದ 22 ವರ್ಷದ ಮಗನನ್ನು ಕಳೆದುಕೊಂಡ ನೀಲಾಬತಿ ಬೆಹೆರಾ ಅವರು ನ್ಯಾಯಾಲಯಕ್ಕೆ ಬರೆದ ಪತ್ರವೇ ಅರ್ಜಿಯಾಗಿ, 1993ರಲ್ಲಿ ಅವರಿಗೆ 1,50,000 ರೂಪಾಯಿ ಪರಿಹಾರ ದೊರೆಯಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರ್ಕಾರವು ನೇರ ಹೊಣೆಗಾರನೆಂಬ ಮಾತು ಅಂದು ದೃಢವಾಯಿತು.

ನೀಲಾಬತಿಯವರ ಮಗನಿಗೆ ಪತ್ರ ಬರೆಯಲು ತಾಯಿಯಿದ್ದಳು. ಬಾಲಗೃಹದ ಮಗುವಿಗೆ ಅದೇ ಇಲ್ಲ. ಆದ್ದರಿಂದಲೇ ಮಕ್ಕಳ ಪರವಾದ ನಮ್ಮ ವ್ಯಾಜ್ಯಗಳು ಬಹುಮಟ್ಟಿಗೆ ಸಾಮೂಹಿಕ ನಿರ್ದೇಶನಗಳಲ್ಲಿ ಮುಗಿದಿವೆ. ಇಂಥ ಮಗುವಿಗೆ ಇಂಥ ಹಾನಿಯಾಯಿತು, ಅದಕ್ಕೆ ಇಷ್ಟು ಪರಿಹಾರ ಎಂಬ ಲೆಕ್ಕಕ್ಕೆ ಬಂದದ್ದು ವಿರಳ.

ಬಿಹಾರದ ಮುಜಫ್ಫರ್‌ಪುರ ಪ್ರಕರಣವನ್ನು ಈ ಬೆಳಕಿನಲ್ಲಿ ನೋಡಬೇಕು. ಸರ್ಕಾರದ ಅನುದಾನದಿಂದ ನಡೆಯುತ್ತಿದ್ದ ಬಾಲಿಕಾ ಗೃಹವೊಂದರಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯ ಹೊರಬಂದದ್ದು ಪೋಷಕರ ದೂರಿನಿಂದಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡವು ಬಿಹಾರದ 110 ಆಶ್ರಯ ಸಂಸ್ಥೆಗಳ ಸಾಮಾಜಿಕ ಪರಿಶೋಧನೆ ನಡೆಸಿದಾಗ ಆ ಮಕ್ಕಳ ಮಾತನ್ನು ಕೇಳಿಸಿಕೊಂಡಿತು; 2018ರಲ್ಲಿ ಸಲ್ಲಿಕೆಯಾದ ಅದರ ವರದಿ 17 ಸಂಸ್ಥೆಗಳ ಬಗ್ಗೆ ಗಂಭೀರ ಕಳವಳ ವ್ಯಕ್ತಪಡಿಸಿತು. ಸರ್ವೋಚ್ಚ ನ್ಯಾಯಾಲಯವು ಆ 17 ಸಂಸ್ಥೆಗಳ ತನಿಖೆಯನ್ನೂ ಸಿಬಿಐಗೆ ಒಪ್ಪಿಸಿತು, ಮುಜಫ್ಫರ್‌ಪುರದ ವಿಚಾರಣೆಯನ್ನು ದೆಹಲಿಗೆ ವರ್ಗಾಯಿಸಿತು. 2020ರ ಜನವರಿಯಲ್ಲಿ 19 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಮರುತಿಂಗಳು ಪ್ರಮುಖ ಅಪರಾಧಿಗೆ ಬದುಕಿನ ಕೊನೆಯವರೆಗೂ ಸೆರೆವಾಸದ ಶಿಕ್ಷೆಯಾಯಿತು.

ಈ ಪ್ರಕರಣ ಎರಡು ಸಂಗತಿಗಳನ್ನು ಹೇಳುತ್ತದೆ. ಕಡತ ನೋಡುವ ಪರಿವೀಕ್ಷಣೆಗೆ ಕಾಣದಿರುವುದು ಮಗುವಿನೊಡನೆ ಕುಳಿತು ಮಾತಾಡುವವರಿಗೆ ಕಾಣುತ್ತದೆ ಎಂಬುದು ಮೊದಲನೆಯದು. ವಿಚಾರಣೆ ವೇಗವಾಗಿ ನಡೆಯಲು ಸಾಧ್ಯ ಎಂಬುದು ಎರಡನೆಯದು. ವರದಿಯಿಂದ ಶಿಕ್ಷೆಯವರೆಗೆ ಎರಡು ವರ್ಷವೂ ಪೂರ್ತಿ ಹಿಡಿಯಲಿಲ್ಲ.

ಮಕ್ಕಳ ಹಾನಿಯನ್ನು ಒಬ್ಬೊಬ್ಬರ ಹೆಸರಿನಲ್ಲಿ ಲೆಕ್ಕ ಹಾಕಿ ತೀರಿಸುವುದು ಸಾಧ್ಯವೇ ಎಂದು ಕೇಳುವವರಿಗೆ ಕೆನಡಾ ದೇಶದ ನಿದರ್ಶನವೊಂದಿದೆ. ಅಲ್ಲಿನ ಮೂಲನಿವಾಸಿ ಸಮುದಾಯಗಳ ಮಕ್ಕಳ ರಕ್ಷಣಾ ಸೇವೆಗೆ ಕೇಂದ್ರ ಸರ್ಕಾರ ಕಡಿಮೆ ಹಣ ನೀಡಿ ತಾರತಮ್ಯ ಮಾಡುತ್ತಿದೆಯೆಂದು ಆ ಸಮುದಾಯಗಳ ಸಂಘಟನೆಗಳು 2007ರಲ್ಲಿ ದೂರಿತ್ತವು. 2016ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿ ಆ ದೂರನ್ನು ಎತ್ತಿಹಿಡಿಯಿತು. 2019ರಲ್ಲಿ ಅನಗತ್ಯವಾಗಿ ಮನೆಯಿಂದ ಬೇರ್ಪಟ್ಟ ಮಕ್ಕಳಿಗೆ ತಲಾ 40,000 ಡಾಲರ್ ಪರಿಹಾರ ವಿಧಿಸಿತು. ಸಾಮೂಹಿಕ ದಾವೆಗಳೂ ಸೇರಿ 2023ರಲ್ಲಿ 23 ಶತಕೋಟಿ ಡಾಲರಿಗೂ ಮಿಗಿಲಾದ ಒಪ್ಪಂದಕ್ಕೆ ನ್ಯಾಯಾಲಯದ ಮುದ್ರೆ ಬಿತ್ತು. ಅಲ್ಲಿಯೂ ಹದಿನಾರು ವರ್ಷ ಹಿಡಿಯಿತು. ಆದರೆ ಕೊನೆಗೆ ಮಕ್ಕಳನ್ನು ತಲೆಯೆಣಿಸಿ ಗುರುತಿಸಿದರು. ಬೆಳೆದು ದೊಡ್ಡವರಾದವರನ್ನೂ ಬಿಡಲಿಲ್ಲ.

ಇಂದು ಕಾನೂನು ಕೊಟ್ಟಿರುವ ಕೈಗೋಲುಗಳು

ನಮ್ಮಲ್ಲಿ ಕಾನೂನಿನ ಕೊರತೆಯಿದೆಯೇ ಎಂದರೆ, ಇಲ್ಲವೆಂದೇ ಹೇಳಬೇಕು. ಇರುವುದನ್ನು ಬಳಸುವವರ ಕೊರತೆಯಿದೆ. ಭಕ್ತರು ತಿಳಿದಿರಬೇಕಾದ ಕೆಲವನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೆಯ ಕಲಮಿನಡಿ ಪ್ರತಿಯೊಂದು ಮಗುವೂ, ಆದಾಯದ ಮಿತಿಯಿಲ್ಲದೆ, ಉಚಿತ ಕಾನೂನು ನೆರವಿಗೆ ಅರ್ಹ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ದೊರೆಯುತ್ತದೆ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ 2012ರ ಪೋಕ್ಸೊ ಕಾಯ್ದೆಯಡಿ ವಿಶೇಷ ನ್ಯಾಯಾಲಯವು ತೀರ್ಪಿಗೆ ಕಾಯದೆ ಮಧ್ಯಂತರ ಪರಿಹಾರ ಕೊಡಿಸಬಹುದು. ಅಂಥ ಅಪರಾಧ ನಡೆದಿದೆಯೆಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಗೌರವಕ್ಕೆ ಅಂಜಿ ಮುಚ್ಚಿಡುವುದೇ ಶಿಕ್ಷಾರ್ಹ ಅಪರಾಧ.

ವಾದಮಿತ್ರರಾಗಿ ನಿಂತವರು ನ್ಯಾಯಾಲಯದ ಅನುಮತಿಯಿಲ್ಲದೆ ಮಗುವಿನ ಪರವಾಗಿ ರಾಜಿ ಮಾಡಿಕೊಳ್ಳುವಂತಿಲ್ಲ. ಮಗು ಪ್ರಾಪ್ತ ವಯಸ್ಸಿಗೆ ಬಂದಾಗ ದಾವೆಯನ್ನು ಮುಂದುವರಿಸುವುದೋ ಬಿಡುವುದೋ ಎಂಬ ನಿರ್ಧಾರ ಅದರದೇ. ಇನ್ನೊಂದು ಮುಖ್ಯ ಸಂಗತಿ ಬಹುಜನರಿಗೆ ತಿಳಿಯದು. 1963ರ ಕಾಲಮಿತಿ ಕಾಯ್ದೆಯ 6 ಮತ್ತು 8ನೆಯ ಕಲಮುಗಳ ಪ್ರಕಾರ ಬಾಲ್ಯದಲ್ಲಿ ಉಂಟಾದ ಸಿವಿಲ್ ಹಕ್ಕಿನ ಬಗ್ಗೆ ಪ್ರಾಪ್ತ ವಯಸ್ಸಿಗೆ ಬಂದ ಮೇಲೂ ದಾವೆ ಹೂಡಲು ಅವಕಾಶವಿದೆ. ಆದರೆ ಆ ವಿಸ್ತರಣೆ ಮೂರು ವರ್ಷ ಮೀರುವುದಿಲ್ಲ. ಬಾಲಮಂದಿರದಿಂದ ಹೊರಬಿದ್ದ ಯುವಕ ಬಾಡಿಗೆ ಕೋಣೆ, ಕೂಲಿ, ಗುರುತಿನ ಚೀಟಿಗಳಿಗಾಗಿ ಅಲೆಯುವ ಕಾಲವೇ ಆ ಮೂರು ವರ್ಷ. ಹಕ್ಕು ಇದೆಯೆಂದು ತಿಳಿಯುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಹದಿನೆಂಟು ತುಂಬಿ ಹೊರಬರುವವರಿಗೆ ಆರ್ಥಿಕ ನೆರವು ನೀಡಬೇಕೆಂದು ಬಾಲನ್ಯಾಯ ಕಾಯ್ದೆಯ 46ನೆಯ ಕಲಮು ಹೇಳುತ್ತದೆ. ಆ ನೆರವಿನೊಡನೆ ಒಬ್ಬ ವಕೀಲರ ಪರಿಚಯವನ್ನೂ ಮಾಡಿಕೊಟ್ಟರೆ ಎಷ್ಟೋ ಹಕ್ಕುಗಳು ಉಳಿಯುತ್ತವೆ.

ಪ್ರಸಾದ ನಿಲಯಗಳ ಹೊಣೆ

ಶರಣ ಬಂಧುಗಳೇ, ಈ ಮಾತುಗಳನ್ನು ಬರಿಯ ಸರ್ಕಾರದ ಕಡೆಗೆ ಬೆರಳು ತೋರಿಸಲು ಬರೆಯುತ್ತಿಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿರುವ ಹೆಚ್ಚಿನ ಮಕ್ಕಳು ತಂದೆತಾಯಿಗಳೇ ಓದಿಗಾಗಿ ತಂದು ಬಿಟ್ಟವರು. ಅವರು ಸರ್ಕಾರದ ಆಶ್ರಯದಲ್ಲಿರುವ ಮಕ್ಕಳಲ್ಲ. ಹಾಗಿದ್ದರೂ ಬಡ ಕುಟುಂಬದ, ಒಬ್ಬರೇ ಪೋಷಕರಿರುವ, ಬಂಧುಗಳು ಕರೆತಂದು ಬಿಟ್ಟ ಮಕ್ಕಳು ಅವರ ನಡುವೆ ಇದ್ದೇ ಇರುತ್ತಾರೆ. 2017ರ ತೀರ್ಪಿನ ವಿಶಾಲ ವ್ಯಾಖ್ಯಾನವನ್ನು ಗಮನಿಸಿದರೆ ಸಂಸ್ಥೆಯ ಫಲಕದಲ್ಲಿ ಬರೆದ ಹೆಸರಿಗಿಂತ ಒಳಗಿರುವ ಮಗುವಿನ ಸ್ಥಿತಿ ಮುಖ್ಯವಾಗುತ್ತದೆ.

ಧರ್ಮಸಂಸ್ಥೆಗಳ ವಲಯದಲ್ಲಿ ಒಂದು ಆತಂಕದ ಮಾತು ಕೇಳಿಬರುತ್ತದೆ. ನೋಂದಣಿ, ಪರಿವೀಕ್ಷಣೆ, ದೂರು, ದಾವೆ ಎಂದು ಕಾನೂನು ಬೆನ್ನುಹತ್ತಿದರೆ ದಾಸೋಹ ಮಾಡುವವರು ಕೈಚೆಲ್ಲುತ್ತಾರೆ, ಆಗ ನಷ್ಟವಾಗುವುದು ಬಡ ಮಕ್ಕಳಿಗೇ ಎಂಬುದು ಆ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಭಿಕ್ಷೆಯಿಂದ ನಡೆಯುವ ಗ್ರಾಮೀಣ ನಿಲಯಕ್ಕೆ ಕಟ್ಟಡದ ಅಳತೆ, ಸಿಬ್ಬಂದಿಯ ಸಂಖ್ಯೆ, ದಾಖಲೆಗಳ ನಿರ್ವಹಣೆ ನಿಜಕ್ಕೂ ಹೊರೆಯಾಗುತ್ತವೆ. ನಿಯಮ ವಿಧಿಸುವ ಸರ್ಕಾರ ಅದನ್ನು ಪಾಲಿಸಲು ನೆರವನ್ನೂ ನೀಡಬೇಕೆಂಬ ಬೇಡಿಕೆ ನ್ಯಾಯಯುತವಾದುದು. ಆದರೆ ಮಗುವಿನ ದೂರಿಗೆ ಬಾಗಿಲು ಮುಚ್ಚಲು ಆ ಹೊರೆ ಕಾರಣವಾಗಬಾರದು. ಅನ್ನ ನೀಡಿದವರು ಮಗುವಿನ ಒಡೆಯರಾಗುವುದಿಲ್ಲ. ದಾಸೋಹದಲ್ಲಿ ನೀಡುವವನು ತನ್ನನ್ನು ದಾಸನೆಂದುಕೊಳ್ಳುತ್ತಾನೆ. ಉಂಡವರಿಂದ ಮೌನವನ್ನು ಬೇಡುವ ಅಧಿಕಾರ ದಾಸನಿಗೆ ಎಲ್ಲಿಯದು?

ಆದ್ದರಿಂದ ಪ್ರತಿಯೊಂದು ನಿಲಯದಲ್ಲಿ ಇಂದೇ ಆಗಬಹುದಾದ ಕೆಲಸಗಳಿವೆ. ಸಂಸ್ಥೆಗೆ ನೋಂದಣಿ ಅಗತ್ಯವೇ ಎಂಬುದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಲಿಖಿತವಾಗಿ ತಿಳಿದುಕೊಳ್ಳಬೇಕು. ನೋಂದಣಿ ಮಾಡದೆ ಮಕ್ಕಳ ಪಾಲನಾ ಸಂಸ್ಥೆ ನಡೆಸುವುದಕ್ಕೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡವಿದೆ. ಪೋಷಕರಿಲ್ಲದೆ ಮಠದ ಬಾಗಿಲಿಗೆ ಬಂದ ಮಗುವಿನ ವಿಷಯವನ್ನು 24 ಗಂಟೆಗಳೊಳಗೆ 1098 ಸಹಾಯವಾಣಿಗೆ, ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಕರುಣೆಯಿಂದ ಸುಮ್ಮನೆ ಇರಿಸಿಕೊಂಡರೂ ಅದು ಕಾನೂನಿನ ಉಲ್ಲಂಘನೆಯೇ. ಆ ಸಂಖ್ಯೆಯನ್ನು ಮಕ್ಕಳ ಕಣ್ಣಿಗೆ ಬೀಳುವ ಕಡೆ ಬರೆಸಬೇಕು. ನಿಲಯದ ಆಡಳಿತಕ್ಕೆ ಸಂಬಂಧಪಡದ ಹಿರಿಯ ಭಕ್ತರೊಬ್ಬರು, ಅದರಲ್ಲಿಯೂ ಹೆಣ್ಣುಮಕ್ಕಳ ನಿಲಯದಲ್ಲಿ ತಾಯಂದಿರೊಬ್ಬರು, ನಿಯತವಾಗಿ ಬಂದು ಮಕ್ಕಳೊಡನೆ ಪ್ರತ್ಯೇಕವಾಗಿ ಮಾತಾಡಬೇಕು.

ಭಕ್ತರಲ್ಲಿ ವಕೀಲರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ, ವೈದ್ಯರಿದ್ದಾರೆ. ಮಕ್ಕಳ ಕಲ್ಯಾಣ ಸಮಿತಿಗಳಿಗೆ ಸರ್ಕಾರ ಅರ್ಜಿ ಕರೆದಾಗ ಯೋಗ್ಯರು ಮುಂದೆ ಬರಬೇಕು. ಸಮಿತಿಯ ಖಾಲಿ ಕುರ್ಚಿಯ ಬೆಲೆಯನ್ನು ಮಕ್ಕಳೇ ತೆರುತ್ತಾರೆ. ಜಿಲ್ಲೆಗಿಬ್ಬರು ವಕೀಲರು ವರ್ಷಕ್ಕೊಂದು ಮಗುವಿನ ಪ್ರಕರಣವನ್ನು ಕಾಯಕವೆಂದು ಕೈಗೆತ್ತಿಕೊಂಡರೆ, ತೀರ್ಪಿನ ನಂತರವೂ ಆ ಮಗುವಿನ ಕೈಗೆ ಪರಿಹಾರ ಸೇರಿತೇ ಎಂದು ವಿಚಾರಿಸುತ್ತಿದ್ದರೆ, ಅದು ಸಣ್ಣ ಸೇವೆಯಲ್ಲ.

1988ರಲ್ಲಿ ಒಬ್ಬರು ದಣಿದು ಹಿಂದೆ ಸರಿದಾಗ ಅರ್ಜಿ ಅನಾಥವಾಗದಂತೆ ನ್ಯಾಯಾಲಯ ನೋಡಿಕೊಂಡಿತು. ಕೇಳುವವರು ಬದಲಾಗಬಹುದು, ಕೇಳುವುದು ನಿಲ್ಲಬಾರದು ಎಂಬುದೇ ಆ ತೀರ್ಪಿನಿಂದ ನಾವು ಕಲಿಯಬೇಕಾದ ಪಾಠ. ಮುಂದಿನ ಬಾರಿ ನಿಮ್ಮ ತಾಲ್ಲೂಕಿನ ಬಾಲಮಂದಿರದ ಅಥವಾ ಪ್ರಸಾದ ನಿಲಯದ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತು, ಒಳಗಿನ ಮಗುವಿನ ಪರವಾಗಿ ಕೇಳುವವರು ಈ ಊರಿನಲ್ಲಿ ಯಾರಿದ್ದಾರೆ ಎಂದು ಯೋಚಿಸಿ. ಉತ್ತರ ಹೊಳೆಯದಿದ್ದರೆ ಆ ಸ್ಥಾನ ನಿಮಗಾಗಿಯೇ ತೆರವಾಗಿದೆ.